ಜೇವರ್ಗಿ ತಾಲೂಕಿಗೆ ಹಡಗು ಬಂದದ್ದು

೧೯೮೪ರ ಜುಲೈವರೆಗೆ ಜೇವರ್ಗಿ ತಾಲೂಕಿನಲ್ಲಿ ಭೂಮಿ ಗುಂಡಗಿತ್ತು. ಈ ಬಗ್ಗೆ ಯಾರ ತಕರಾರೂ ಇರಲಿಲ್ಲ.

ತಕರಾರು ಹುಟ್ಟಿದ್ದು ಇಜೇರಿಯಾಚೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ. ಅಲ್ಲಿ ಪಾಠ ಹೇಳುತ್ತಿದ್ದ ಸುಭದ್ರಾಬಾಯಿಯ ನೌಕರಿ ಆ ವರ್ಷ ಖಾಯಂ ಆಗಬೇಕಿತ್ತು. ಖಾಯಂ ಆಗದ ಸೊಸೆ ದಿನಾ ಬಸ್ಸು ಹತ್ತುವುದನ್ನು ಇನ್ನೊಂದೇ ವರ್ಷ ಸಹಿಸುವುದಾಗಿ ಅತ್ತೆ ಗುರುಶಾಂತಮ್ಮ ಹೇಳಿಬಿಟ್ಟಿದ್ದಳು. ಆಮೇಲೆ ಎಮ್ಮೆ, ಸಗಣಿ, ಮನೆ.

ಶಾಲಾ ಇನ್ಸ್‌ಪೆಕ್ಟರ್ ಶಾಂತಲಿಂಗಪ್ಪ ತಪಾಸಣೆಗೆ ಬಂದ ದಿನ ಅವಳು ‘ಭೂಮಿ ಗುಂಡಗಿದೆ’ ಎಂದು ಬೋರ್ಡಿನ ಮೇಲೆ ಬರೆದಿದ್ದಳು.

“ಹ್ಯಾಂಗ ಗೊತ್ತಾಯ್ತು ಬಾಯಾರ?”

“ಪುಸ್ತಕದಾಗ ಅದರಿ ಸಾಹೇಬ್ರ. ಸಮುದ್ರದಾಗ ದೂರದಿಂದ ಹಡಗ ಬಂದ್ರ ಮೊದಲ ಅದರ ಕಂಬ ಕಾಣ್ತದ, ಆಮ್ಯಾಲೆ ಹಡಗ.”

“ನೀವು ನೋಡೀರೇನು?”

“ನಾ ಎಲ್ಲಿ ನೋಡ್ಲಿರಿ? ನಮ್ಮ ಕಡಿ ಸಮುದ್ರ ಎಲ್ಲದ? ಬೇಕಾದ್ರ ಗ್ರಹಣದಾಗ ಚಂದ್ರನ ಮ್ಯಾಲ ನೆರಳು ಗುಂಡಗ ಬೀಳ್ತದ, ಅದನ್ನ...”

“ಗ್ರಹಣ ಆಫೀಸ್ ಟೈಮಿನ್ಯಾಗ ಆಗೋದಿಲ್ಲ. ಅದು ನಡಿಯೋದಿಲ್ಲ,” ಎಂದ ಶಾಂತಲಿಂಗಪ್ಪ. ಅವನಿಗೆ ನಿಜವಾಗಿಯೂ ಬೇಸರವಾಗಿತ್ತು. “ಖುದ್ದು ನೋಡಲಾರದ್ದು ಮಕ್ಕಳಿಗೆ ಹೇಳಾಕತ್ತೀರಿ. ನಾ ನಿಮ್ಮನ್ನ ಹ್ಯಾಂಗ ಖಾಯಂ ಮಾಡ್ಲಿ?”

ವಾರದೊಳಗೆ ಆದೇಶ ಬಂತು. “ಸದರಿ ತಾಲೂಕಿನಲ್ಲಿ ಭೂಮಿಯು ಗುಂಡಗಿರುವ ಕುರಿತು ಪ್ರತ್ಯಕ್ಷ ಸಾಕ್ಷ್ಯ ಲಭ್ಯವಿಲ್ಲದ ಕಾರಣ, ಮುಂದಿನ ಆದೇಶದವರೆಗೆ ಅದನ್ನು ಚಪ್ಪಟೆ ಎಂದು ಪರಿಗಣಿಸತಕ್ಕದ್ದು. ಈಗಾಗಲೇ ಗುಂಡಗಿದೆ ಎಂದು ಕಲಿತ ಮಕ್ಕಳಿಗೆ ಮರೆಯಲು ಹದಿನೈದು ದಿನಗಳ ಕಾಲಾವಕಾಶ ನೀಡಲಾಗಿದೆ.”

ಊರಿನವರು ಒಪ್ಪಿಕೊಂಡರು. ಹೊಲಗಳು ಮೊದಲಿನ ಹಾಗೇ ಇದ್ದವು. ಶಮಶಾದ ಎಂಬ ಹುಡುಗಿ ಮಾತ್ರ ಎದ್ದು ನಿಂತಳು.

“ಬಾಯಾರ, ಚಪ್ಪಟಿ ಇದ್ರ ಅಂಚು ಎಲ್ಲಿರ್ತದರಿ?”

“ತಾಲೂಕಿನ ಗಡಿಗೆ,” ಎಂದಳು ಸುಭದ್ರಾಬಾಯಿ. “ಅದರಾಚೆ ಬ್ಯಾರೆ ಸಾಹೇಬ್ರದು. ಕುಂದ್ರು.”

ಹೇಳಿದ್ದೇನೋ ಹೇಳಿದಳು, ಅಂದು ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚದೆ ಅರ್ಜಿ ಬರೆಯಲು ಕುಳಿತಳು. ಮರುದಿನ ಜೇವರ್ಗಿಗೆ ಹೋಗಿ, ಸಾಕ್ಷ್ಯವನ್ನು ಇಲಾಖೆಯೇ ಒದಗಿಸಬೇಕೆಂದು ಅರ್ಜಿ ಕೊಟ್ಟಳು. ಅರ್ಜಿ ನ್ಯಾಯವಾಗಿತ್ತು. ಇಲಾಖೆ ಒಂದು ಹಡಗು ಮಂಜೂರು ಮಾಡಿತು.

ಹಡಗಿನ ಗುತ್ತಿಗೆ ಬಸವಂತರಾಯನಿಗೆ ಹೋಯಿತು. ಅವನು ಅದುವರೆಗೆ ಚರಂಡಿ ಕಟ್ಟಿಸಿದ್ದ, ಅಂದರೆ ನೀರಿನ ಅನುಭವವಿತ್ತು. ಸಮುದ್ರವಿಲ್ಲದ್ದರಿಂದ ಹಡಗನ್ನು ಹೊಲದ ಮೇಲೆ ನಡೆಸಬೇಕೆಂದೂ, ಜೋಳದ ರಾಶಿ ಮುಗಿದ ಮೇಲೆ, ಆದರೆ ಮಾರ್ಚ್ ಮುಗಿಯುವ ಮೊದಲು ನಡೆಸಬೇಕೆಂದೂ ತೀರ್ಮಾನವಾಯಿತು. ಹಡಗಿನ ಸುದ್ದಿ ಹಬ್ಬುತ್ತಲೇ ಅಫಜಲಪುರ ಮತ್ತು ಆಳಂದ ತಾಲೂಕುಗಳಿಂದ, ತಮ್ಮಲ್ಲಿಯೂ ಭೂಮಿ ಬಹಳ ದಿನದಿಂದ ಚಪ್ಪಟೆಯಾಗಿದ್ದು ಜನರಿಗೆ ತೊಂದರೆಯಾಗುತ್ತಿದೆ ಎಂಬ ಮನವಿಗಳು ಹೋದವು.

ಮಾರ್ಚ್ ಕೊನೆಯ ವಾರ ಊರ ಹೊರಗೆ ಶಾಮಿಯಾನ ಹಾಕಿದರು. ಶಾಂತಲಿಂಗಪ್ಪ ಮತ್ತು ಹಡಗು ನೋಡಲು ಇಲಾಖೆ ನೇಮಿಸಿದ್ದ ಸಮಿತಿಯವರು ಕುರ್ಚಿಯ ಮೇಲೆ, ಮಕ್ಕಳು ಕರಿಮಣ್ಣಿನ ಮೇಲೆ. ಸುಭದ್ರಾಬಾಯಿ ಎಲ್ಲರಿಗಿಂತ ಮುಂದೆ, ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಹಡಗನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ನೌಕರಿಯ ಚಿಂತೆ ಒಂದು ಗಳಿಗೆ ಮರೆತೇ ಹೋಗಿತ್ತು.

ದೂರದ ದಿಬ್ಬದ ಹಿಂದಿನಿಂದ ಒಂದು ಕಂಬ ಮೇಲೆದ್ದಿತು. ತುದಿಗೆ ಬಿಳಿ ಧೋತರ ಕಟ್ಟಿತ್ತು. ಮಕ್ಕಳು ಚಪ್ಪಾಳೆ ಹೊಡೆದರು. ಕಂಬ ದಿಬ್ಬ ಏರಿತು, ದಿಬ್ಬ ಇಳಿಯಿತು. ಅದನ್ನು ನಾಲ್ಕು ಮಂದಿ ಹೊತ್ತಿದ್ದರು. ಚಹಾ, ಭಜಿ ಮುಗಿಯುವ ಹೊತ್ತಿಗೆ ಕಂಬ ಶಾಮಿಯಾನದೊಳಗೇ ಬಂತು.

ಸುಭದ್ರಾಬಾಯಿ ಕಂಬದ ಹಿಂದೆ ಇಣುಕಿ ನೋಡಿದಳು.

“ಹಡಗ ಎಲ್ಲದರಿ?”

“ಮೊದಲ ಕಂಬ ಕಾಣಬೇಕಂತ ನಿಮ್ಮ ಪುಸ್ತಕದಾಗೇ ಅದ,” ಎಂದ ಬಸವಂತರಾಯ. “ಕಾಣ್ತೋ ಇಲ್ಲೋ?”

“ಕಾಣ್ತರಿ. ಆದ್ರ ಹಡಗ?”

“ಅದು ಆಮ್ಯಾಲೆ. ಆಮ್ಯಾಲೆ ಅಂದ್ರ ಯಾವಾಗ ಅಂತ ಪುಸ್ತಕದಾಗ ಬರದಿಲ್ಲ.”

ಶಾಂತಲಿಂಗಪ್ಪ ಪಠ್ಯಪುಸ್ತಕ ತರಿಸಿ ಓದಿದ. ಬರೆದಿರಲಿಲ್ಲ. ಅವನು ಸುಭದ್ರಾಬಾಯಿಯ ಕಡೆ ತಿರುಗಿದ.

“ಖರೇ ಹೇಳ್ರಿ ಬಾಯಾರ. ಏನು ಕಂಡ್ರಿ?”

ಅವಳು ಬಸವಂತರಾಯನನ್ನು ನೋಡಿದಳು, ಸಮಿತಿಯವರ ಎಣ್ಣೆ ಕೈಗಳನ್ನು ನೋಡಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಕಂಬ ಕಂಡೀನ್ರಿ. ಹಡಗ ಕಂಡಿಲ್ಲ,” ಎಂದಳು. ಇನ್ನು ತನ್ನ ಪಾಲಿಗೆ ಎಮ್ಮೆಯೇ ಗತಿ ಎಂದು ಅವಳಿಗೆ ಖಾತ್ರಿಯಾಗಿತ್ತು.

ಶಾಂತಲಿಂಗಪ್ಪ ಬರೆದ: “ಕಂಬವು ಕೈಗೆಟಕುವಷ್ಟು ಸಮೀಪ ಬಂದರೂ ಹಡಗು ಕಾಣದಿರುವುದಾಗಿ ಶಿಕ್ಷಕಿಯು ಖುದ್ದು ಹೇಳಿಕೆ ನೀಡಿದ್ದಾರೆ. ಇದರಿಂದ ಸದರಿ ತಾಲೂಕಿನಲ್ಲಿ ಭೂಮಿಯು ಇತರೆಡೆಗಿಂತ ಹೆಚ್ಚು ಗುಂಡಗಿರುವುದು ಸಾಬೀತಾಗಿದೆ.”

ಸಮಿತಿ ಎದ್ದು ನಿಂತು ಒಪ್ಪಿತು. ಬಸವಂತರಾಯನಿಗೆ ಹಾರ ಬಿತ್ತು.

ಜೂನ್‌ನಲ್ಲಿ ಸುಭದ್ರಾಬಾಯಿಯ ಖಾಯಂ ಆದೇಶ ಬಂತು. ಗುರುಶಾಂತಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಅದೇ ಲಕೋಟೆಯಲ್ಲಿ ಅಫಜಲಪುರ ತಾಲೂಕಿನ ಅತನೂರಿನ ಕಡೆಗೆ ವರ್ಗವೂ ಇತ್ತು.

ಆ ತಾಲೂಕಿಗೆ ಹಡಗು ಇನ್ನೂ ಮಂಜೂರಾಗಿರಲಿಲ್ಲ. ಹೊಸ ಶಾಲೆಯಲ್ಲಿ ಮೊದಲ ದಿನ ಅವಳು ಬೋರ್ಡು ಒರೆಸಿ, ‘ಭೂಮಿ ಚಪ್ಪಟೆಯಾಗಿದೆ’ ಎಂದು ದುಂಡನೆಯ ಅಕ್ಷರಗಳಲ್ಲಿ ಬರೆದಳು. ಮಕ್ಕಳು ಬರೆದುಕೊಂಡರು. ಆ ವರ್ಷ ಯಾರೂ ನಪಾಸಾಗಲಿಲ್ಲ.