ಬೀಗರಿಗೆ ಎಂಟು ಗಂಟೆಯ ಡಿನ್ನರು

“ಇವತ್ತು ಈ ಮನೆಯಲ್ಲಿ ಯಾರೂ ಐದೂವರೆಗೆ ಟೀ ತಿನ್ನಕೂಡದು!” ಎಂದು ಶನಿವಾರ ಬೆಳಗ್ಗೆ ಅಪ್ಪಣೆ ಹೊರಡಿಸಿದೆ. ಸಾಮಾನ್ಯ ಅಪ್ಪಣೆಯಲ್ಲ, ಚಕ್ರವರ್ತಿಯ ಅಪ್ಪಣೆ! ಸಿಂಹಾಸನವೊಂದು ಇರಲಿಲ್ಲ, ಅಷ್ಟೆ. ಸೋಫಾದ ಮೇಲೆ ಕೂತಿದ್ದೆ.

ಹೆಂಡತಿ ಮಾವಿಸ್ ತನ್ನ ಕೈಯಲ್ಲಿದ್ದ ಕಪ್ಪನ್ನು ನೋಡಿಕೊಂಡಳು. “ಇದನ್ನಾದ್ರೂ ಕುಡೀಬಹುದಾ, ಇದಕ್ಕೂ ನಿನ್ನ ಪರ್ಮಿಶನ್ ಬೇಕಾ?”

“ಕುಡಿಯೋ ಟೀಗೆ ಅಡ್ಡಿಯಿಲ್ಲ. ತಿನ್ನೋ ಟೀ ಬಂದ್!”

ಉತ್ತರ ಇಂಗ್ಲೆಂಡಿನ ನಮ್ಮ ಬಾರ್ನ್ಸ್‌ಲಿಯಲ್ಲಿ ಕಪ್ಪಿನಲ್ಲಿರುವುದೂ ಟೀಯೇ, ತಟ್ಟೆಯಲ್ಲಿರುವುದೂ ಟೀಯೇ. ಕಪ್ಪಿನದಕ್ಕೆ ಹೊತ್ತುಗೊತ್ತಿಲ್ಲ. ತಟ್ಟೆಯದು ಮಾತ್ರ ಸಂಜೆ ಐದೂವರೆಗೆ ಸರಿಯಾಗಿ ಮೇಜಿಗೆ ಬರಬೇಕು: ಪೈ, ಬಟಾಣಿ, ಬೆಣ್ಣೆ ಹಚ್ಚಿದ ಬ್ರೆಡ್ಡು. ಡಿನ್ನರು ಎಂದರೆ ನಮಗೆ ಮಧ್ಯಾಹ್ನದ ಊಟ. ಹುಟ್ಟಿದಾಗಿನಿಂದ ನನ್ನ ಹೊಟ್ಟೆ ಬೇರೆ ವೇಳಾಪಟ್ಟಿ ಕಂಡದ್ದಿಲ್ಲ. ಆದರೆ ಮಗಳು ಜಾನೀನ್ ಮೆಚ್ಚಿಕೊಂಡ ಹುಡುಗ ಟೋಬಿ ದಕ್ಷಿಣದ ಸರ್ರೆ ಕಡೆಯವನು. ಅಲ್ಲಿನವರು ನಾಲ್ಕಕ್ಕೆ ‘ಟೀ’ ಎಂದು ಕೇಕಿನ ಚೂರು ಕಚ್ಚಿ, ಎಂಟಕ್ಕೆ ‘ಡಿನ್ನರು’ ಮಾಡುವ ಜನ. ಐದೂವರೆಗೆ ಉಣ್ಣಲು ಕೂತವರನ್ನು ಕಂಡರೆ ಮೂಗು ಮುರಿಯುತ್ತಾರಂತೆ! ಅವನ ಅಪ್ಪ ಅಮ್ಮ ಅಂದು ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು. ಹುಡುಗಿಯ ಮನೆಯವರು ಒರಟು ಜನ ಎಂದು ಬೀಗರ ಬಾಯಲ್ಲಿ ಬಂದರೆ ನಾನು ತಲೆ ಎತ್ತಿಕೊಂಡು ಓಡಾಡುವುದು ಹೇಗೆ?

“ಡಿನ್ನರು ಎಂಟಕ್ಕೆ. ಸಾಲ್ಮನ್ ಮೀನು. ಮೇಜಿನ ಮೇಲೆ ಮೇಣದ ಬತ್ತಿ.”

“ಕರೆಂಟ್ ಇದೆಯಲ್ಲ?”

“ಅದು ಘನತೆ ಕಣೇ, ಘನತೆ!”

“ಎಂಟಕ್ಕೆ ನಾನು ನೈಟಿ ಹಾಕ್ಕೊಂಡು ಆಕಳಿಸ್ತಿರ್ತೀನಿ, ಮಹರಾಯ. ಪೈ ಬೇರೆ ಮಾಡಿಟ್ಟಿದೀನಿ. ಅದೇನು ಮಾಡ್ಲಿ?”

ಆ ಪೈಯನ್ನು ನಾನೇ ಎತ್ತಿಕೊಂಡು ಹೋಗಿ ಗ್ಯಾರೇಜಿನ ಎತ್ತರದ ಹಲಗೆಯ ಮೇಲೆ, ಬಣ್ಣದ ಡಬ್ಬಗಳ ಹಿಂದೆ ಬಚ್ಚಿಟ್ಟೆ. ಒಳಗೆ ಮಾಂಸ, ಆಲೂಗಡ್ಡೆ, ಮೇಲೆ ಹದವಾಗಿ ಕೆಂಪಗೆ ಬೆಂದ ಹಿಟ್ಟಿನ ಹೊದಿಕೆ. ಬಿಟ್ಟು ಬರುವಾಗ ಎರಡು ಸಲ ತಿರುಗಿ ನೋಡಿದೆ. ಆದರೆ ಘನತೆಗೆ ತ್ಯಾಗ ಬೇಡವೇ!

ಐದಕ್ಕೆ ಟೋಬಿ, ಜಾನೀನ್ ಜೊತೆ ಬೀಗರು ಬಂದರು. ಲಯೊನೆಲ್ ಎತ್ತರದ ಆಸಾಮಿ. ಅವರ ಹೆಂಡತಿ ಡ್ಯಾಫ್ನಿಯ ಕೊರಳಲ್ಲಿ ಮುತ್ತಿನ ಸರ.

“ಬನ್ನಿ, ಬನ್ನಿ! ಡಿನ್ನರು ಎಂಟಕ್ಕೆ. ಅಲ್ಲಿವರೆಗೆ ಒಂದೊಂದು ಕಪ್ ಟೀ!” ಎಂದೆ.

ಇಬ್ಬರ ಮುಖವೂ ಇಳಿದುಹೋಯಿತು. ದೊಡ್ಡ ಮನೆತನದವರ ಮುಖ ಇರುವುದೇ ಹಾಗೆ ಎಂದುಕೊಂಡೆ.

ಒಂದು ಕಪ್ ಆಯಿತು. ಎರಡಾಯಿತು. ಐದೂವರೆ ಹೊಡೆಯಿತು ನೋಡಿ, ನನ್ನ ಹೊಟ್ಟೆ ಏರು ಹತ್ತುವ ಲಾರಿಯ ಹಾಗೆ ಗುರ್ರೆಂದಿತು. “ನಮ್ಮ ಮನೆ ನೀರಿನ ಪೈಪು ಹಳೇದು” ಎಂದು ನಕ್ಕೆ. ಆ ಕೂಡಲೇ ಲಯೊನೆಲ್ ಕೂತ ಕಡೆಯಿಂದಲೂ ಗುರ್ರ್!

“ಎರಡು ಪೈಪು ಕೂಗ್ತಿವೆಯಲ್ಲ ಡೆನಿಸ್!” ಎಂದಳು ಮಾವಿಸ್. “ಒಳಗೆ ಏನಾದ್ರೂ ಬಿಡಬೇಕೇನೋ!”

ಕಣ್ಣಲ್ಲೇ ಅವಳ ಬಾಯಿ ಮುಚ್ಚಿಸಿದೆ. ಮತ್ತೆ ಕಪ್ ತುಂಬಿಸಿದೆ. ಅವರು ಕುಡಿದರು, ನಾನೂ ಕುಡಿದೆ. ಹೊಟ್ಟೆಯೊಳಗೆ ಕೆರೆಯಾಯಿತೇ ವಿನಾ ಹಸಿವು ಮುಳುಗಲಿಲ್ಲ! ಕೊನೆಗೆ, “ಒಂದು ಒಳ್ಳೆ ವೈನ್ ತರ್ತೀನಿ” ಎಂದು ಗ್ಯಾರೇಜಿಗೆ ಓಡಿದೆ. ಜೇಬಿನಲ್ಲಿ ಚಮಚ ಇತ್ತು.

ಸ್ಟೂಲಿನ ಮೇಲೆ ಹತ್ತಿ, ಕತ್ತಲಲ್ಲೇ ಬಹಳ ಹೊತ್ತು ಕೈಯಾಡಿಸಿದೆ. ಡಬ್ಬ ಸಿಕ್ಕಿತು. ಇನ್ನೊಂದು ಡಬ್ಬ ಸಿಕ್ಕಿತು. ಪೈ ಇಲ್ಲ! ಇನ್ನೂ ಒಳಗೆ ಕೈ ತೂರಿಸಿದೆ. ಮುಚ್ಚಳ ಸಡಿಲವಾಗಿದ್ದ ಡಬ್ಬವೊಂದು ವಾಲಿ, ತೋಟದ ಬೇಲಿಗೆಂದು ತಂದಿದ್ದ ಹಸಿರು ಬಣ್ಣದಿಂದ ನನ್ನ ನೆತ್ತಿಗೆ ಸಾವಕಾಶವಾಗಿ ಅಭಿಷೇಕವಾಯಿತು. ಬಣ್ಣದ ಚಿಂತೆ ಯಾರಿಗಿತ್ತು? ಪೈ ಎಲ್ಲಿ?

ಗಿಳಿಯ ಹಾಗೆ ಹಸಿರಾಗಿ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಮಾವಿಸ್, ಜಾನೀನ್, ಟೋಬಿ, ಇಬ್ಬರು ಬೀಗರು, ಎಲ್ಲರೂ ಮೇಜಿನ ಸುತ್ತ ಕೂತಿದ್ದರು. ಎಲ್ಲರ ಬಾಯಿಯೂ ತುಂಬಿತ್ತು. ನಡುವೆ ನನ್ನ ಪೈಯ ಪಾತ್ರೆ!

“ನೀನು ಬಚ್ಚಿಟ್ಟ ಹತ್ತೇ ನಿಮಿಷಕ್ಕೆ ವಾಪಸ್ ತಂದೆ” ಎಂದಳು ಮಾವಿಸ್, ತಿರುಗಿಯೂ ನೋಡದೆ.

ಲಯೊನೆಲ್ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. “ಓಹೋ ಬೀಗರೇ! ಡಿನ್ನರಿಗೆ ಅಲಂಕಾರ ಮಾಡ್ಕೊಂಡು ಬಂದ್ರಾ? ನೋಡಿ, ನಾನು ಇಲ್ಲೇ ಪಕ್ಕದ ಊರು ರಾದರಮ್‌ನ ಹುಡುಗ. ಮದುವೆಯಾದಾಗಿಂದ ಇವಳ ಭಯಕ್ಕೆ ಎಂಟರವರೆಗೆ ಬಾಯಿ ಕಟ್ಕೊಂಡಿದೀನಿ. ಇವತ್ತೊಂದು ದಿನ ಬಿಡುಗಡೆ ಅಂದ್ಕೊಂಡು ಬಂದೆ!”

“ನಾವು ಮಧ್ಯಾಹ್ನನೂ ಏನೂ ತಿನ್ನಲಿಲ್ಲ” ಎಂದರು ಡ್ಯಾಫ್ನಿ. “ನಿಮ್ಮನೇಲಿ ಐದೂವರೆಗೇ ಹೊಟ್ಟೆ ಬಿರಿಯೋ ಹಾಗೆ ಬಡಿಸ್ತಾರೆ ಅಂತ ಟೋಬಿ ಹೇಳಿದ್ದ. ನೀವು ನೋಡಿದ್ರೆ ಬರೀ ಕಪ್ಪು ತುಂಬಿಸ್ತಾ ಕೂತ್ರಿ.”

ಹೋಗಲಿ, ಮಾನ ಉಳಿಯಿತು! ಜೋರಾಗಿ ನಕ್ಕು, ಕುರ್ಚಿ ಎಳೆದುಕೊಂಡು, ಜೇಬಿನ ಚಮಚ ಹೊರತೆಗೆದೆ. ಪಾತ್ರೆಯನ್ನು ಹತ್ತಿರ ಜಗ್ಗಿದರೆ ಅದರ ತಳ ಫಳಫಳ ಹೊಳೆಯುತ್ತಿತ್ತು.

“ನನ್ನ ಪಾಲು?”

ಡ್ಯಾಫ್ನಿ ಬಾಯಿ ಒರೆಸಿಕೊಂಡರು. “ಅಯ್ಯೋ, ನಿಮಗೂ ಬೇಕಿತ್ತಾ? ಈ ಹೊತ್ತಿಗೆಲ್ಲ ಉಣ್ಣೋದು ಒರಟು ಜನ ಅಂತೀರಂತೆ, ಮಾವಿಸ್ ಹೇಳಿದ್ರು. ಇರಲಿ ಬಿಡಿ, ನಾವು ಒರಟರೇ. ನೀವು ನಿಮ್ಮ ಪದ್ಧತಿ ಪ್ರಕಾರ ಎಂಟಕ್ಕೇ ಡಿನ್ನರು ಮಾಡಿ.”

“ಮೀನು ಇನ್ನೂ ಫ್ರಿಜ್ಜಲ್ಲೇ ಇದೆ” ಎಂದು ಮಾವಿಸ್ ಕೆಟಲ್ ಎತ್ತಿಕೊಂಡಳು. “ಅಲ್ಲಿವರೆಗೆ ಇನ್ನೊಂದು ಕಪ್ ಟೀ ಕೊಡ್ಲಾ?”