ಹುಳದ ಮನೆಯ ಸೊಟ್ಟ ಗೋಡೆ

ನಾನು ಶಿಡ್ಲಘಟ್ಟದಲ್ಲಿ ಗಾರೆ ಮೇಸ್ತ್ರಿ. ವರ್ಷಕ್ಕೊಂದು ಸಲ ಬೆಂಗಳೂರಿಂದ ಸೇವೆಗೆ ಅಂತ ಬರೋ ತಂಡವನ್ನ ನಮ್ಮ ಸಭೆಯ ಪಾಸ್ಟ್ರು ನನ್ನ ತಲೆಗೇ ಕಟ್ಟುತ್ತಾರೆ. ಮೈ ಮುರಿದು ದುಡಿದರೆ ದೇವರು ಸಿಗ್ತಾನೆ ಅಂತ ಬರೋರು ಅವರು. ನಾನು ಇಪ್ಪತ್ತೈದು ವರ್ಷದಿಂದ ಮೈ ಮುರೀತಿದೀನಿ, ಸಿಕ್ಕಿರೋದು ಸೊಂಟನೋವು. ಆದರೂ ಅವರು ಬಂದುಹೋದ ಮೇಲೆ ಒಂದು ತಿಂಗಳು ನಗುವಿಗೇನೂ ಕೊರತೆ ಇರಲ್ಲ.

ಹೋದ ಸಲ ಕೆಲಸ ಬಿದ್ದಿದ್ದು ಮೇಲೂರಲ್ಲಿ. ಒಬ್ಬ ಅಜ್ಜಿಯ ರೇಷ್ಮೆಹುಳದ ಮನೆಯ ಒಂದು ಗೋಡೆ ಮಳೆಗೆ ಕೂತುಬಿಟ್ಟಿತ್ತು. ಹುಳ ಎಲ್ಲ ಅವಳು ಮಲಗೋ ಕೋಣೆಯಲ್ಲಿ, ಅಜ್ಜಿ ಜಗುಲಿಯಲ್ಲಿ. ಇನ್ನು ಆರು ದಿನಕ್ಕೆ ಹುಳ ಹಣ್ಣಾಗುತ್ತೆ. ಆಗ ಒಂದೊಂದೇ ಆರಿಸಿ, ಗೂಡು ಕಟ್ಟೋಕೆ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ನಿಲ್ಲಿಸೋಕೆ ಆ ಮನೆ ಬೇಕೇ ಬೇಕು. ಅಷ್ಟರಲ್ಲಿ ಗೋಡೆ ಏಳದಿದ್ದರೆ ಅಜ್ಜಿಯ ಬೆಳೆ ಪೂರ್ತಿ ತಿಪ್ಪೆಗೆ.

ಉದ್ದನೆ ಪ್ರಾರ್ಥನೆ

ತಂಡದ ಹಿರಿಯರು ಬ್ಯಾಂಕಿಂದ ರಿಟೈರ್ ಆದವರು. ಎಲ್ಲರೂ ಅಂಕಲ್ ಅಂತಿದ್ದರು, ನಾನೂ ಅಂದೆ. ಗಾರೆ ಕಲಸೋಕೆ ಮಿಷನ್ ತರಿಸ್ತೀನಿ ಅಂದರೆ ಬೇಡವೇ ಬೇಡ ಅಂದರು, ಬೆವರು ಸುರಿಸದೆ ಸೇವೆ ಇಲ್ಲವಂತೆ. ಸರಿ, ಎಂಟು ಜನ ಸೇರಿ ಸನಿಕೆಯಲ್ಲಿ ಕಲಸಿದರು. ಕಲಸಿ ಮುಗಿದ ಮೇಲೆ ಪ್ರಾರ್ಥನೆ ಶುರು.

ಅಂಕಲ್ಲು ಅಜ್ಜಿಗಾಗಿ ಬೇಡಿಕೊಂಡರು, ಹುಳಕ್ಕಾಗಿ ಬೇಡಿಕೊಂಡರು, ಆಮೇಲೆ ಗೌರಿಬಿದನೂರು, ಚಿಂತಾಮಣಿ, ಇಡೀ ಜಿಲ್ಲೆಗೆ. ಅವರಾದ ಮೇಲೆ ಉಳಿದ ಏಳು ಜನ. ನನಗೆ ಬೀಡಿ ಸೇದಬೇಕು ಅಂತ ಜೀವ ಬಾಯಿಗೆ ಬಂದಿತ್ತು. ಆದರೆ ಕ್ರಿಸ್ಮಸ್ಸಿನಲ್ಲಿ ಸಭೆ ಮುಂದೆ ನಿಂತು, ಬೀಡಿ ಬಿಟ್ಟೆ ಅಂತ ಸಾಕ್ಷಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆನಲ್ಲ, ಹಲ್ಲು ಕಚ್ಚಿಕೊಂಡು ನಿಂತೆ.

ಕೊನೆಯ ಆಮೆನ್ ಬಂದಾಗ ಸನಿಕೆ ಹಾಕಿದರೆ ಠಣ್ ಅಂತು. ಅಷ್ಟು ಗಟ್ಟಿ ಗಾರೆ ನಾನು ಜನ್ಮದಲ್ಲಿ ಕಲಸಿರಲಿಲ್ಲ.

ಪವಾಡ

ಎರಡನೇ ದಿನ ಎಲ್ಲರಿಗೂ ಇಟ್ಟಿಗೆ ಇಡೋದೇ ಬೇಕು, ಹೊರೋಕೆ ಯಾರೂ ಇಲ್ಲ. ಕೊನೆಗೆ ನಾನು ಹೊತ್ತೆ, ಅಂಕಲ್ಲು ಕಟ್ಟಿದರು. ಸೊಂಟದೆತ್ತರ ಬಂದ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದೆ. ಗೋಡೆ ಅಜ್ಜಿ ಮನೆ ಬಿಟ್ಟು ಪಕ್ಕದ ಹಿಪ್ಪುನೇರಳೆ ತೋಟದ ಕಡೆ ಹೊರಟಿತ್ತು.

ಹೇಳೋಣ ಅಂತ ಬಾಯಿ ತೆಗೆದೆ. ಅವರು ಗೋಡೆ ಸವರುತ್ತಾ, ಮೂವತ್ತೈದು ವರ್ಷ ಬರೀ ಸಹಿ ಹಾಕಿದೆ ಮೇಸ್ತ್ರಿ, ಕೈಯಾರೆ ಮಾಡಿದ್ದು ಇದೊಂದೇ ಅಂದರು. ಕಣ್ಣಲ್ಲಿ ನೀರಿತ್ತು. ತೂಗುಗುಂಡು ಸುತ್ತಿ ಜೇಬಿಗೆ ಹಾಕಿಕೊಂಡೆ.

ಮಾರನೇ ದಿನ ಬೆಳಗ್ಗೆ ಐದಕ್ಕೇ ಬಂದು, ಕೆಡವಿ, ಒಂಬತ್ತರೊಳಗೆ ನೆಟ್ಟಗೆ ಕಟ್ಟಿದೆ. ಅಂಕಲ್ಲು ಬಂದವರೇ ನೋಡಿದರು, ಹಿಂದೆ ಹೋಗಿ ನೋಡಿದರು, ಒಂದು ಕಣ್ಣು ಮುಚ್ಚಿ ನೋಡಿದರು.

"ನಿನ್ನೆ ಸ್ವಲ್ಪ ವಾಲಿದೆ ಅಂತ ನನಗೂ ಅನುಮಾನ ಇತ್ತು ಮೇಸ್ತ್ರಿ. ಕರ್ತನೇ ಸರಿ ಮಾಡಿದಾನೆ."

ಮುರಿದಿದ್ದ ಸೊಂಟ ಹಿಡ್ಕೊಂಡು ನಾನೂ ಹಲ್ಲೆಲೂಯಾ ಅಂದೆ.

ಸ್ನಾನ

ನಾಲ್ಕನೇ ದಿನ ಸಂಜೆಗೆ ಗೋಡೆ ಮುಗೀತು. ನಮ್ಮ ಪುಣ್ಯ, ಯಾಕಂದರೆ ಒಂದು ದಿನ ಮುಂಚೆಯೇ, ಮಾರನೇ ಬೆಳಗ್ಗೆಗೇ ಹುಳ ಹಣ್ಣಾಯಿತು. ಆರಿಸೋಕೆ ಕೈ ಸಾಲದೆ ಅಜ್ಜಿ ತಂಡವನ್ನೇ ಕರೆದಳು. ಇವರೋ ಮೈಗೆಲ್ಲ ಸೊಳ್ಳೆ ಮುಲಾಮು, ಮೇಲೆ ಸೆಂಟು. ಆ ವಾಸನೆ ತಗುಲಿದರೆ ಹುಳ ಉಳಿಯುತ್ತಾ? ಅಜ್ಜಿ ಬಾಗಿಲಿಗೆ ಪೊರಕೆ ಅಡ್ಡ ಹಿಡಿದು ಎಲ್ಲರನ್ನೂ ತೊಟ್ಟಿ ಹತ್ತಿರ ಅಟ್ಟಿದಳು.

ಅಂಕಲ್ಲಿನ ಕಾಲಿಗೆ ತಾನೇ ನೀರು ಹೊಯ್ದಳು. ಅವರಿಗೆ ಯೇಸು ಶಿಷ್ಯರ ಕಾಲು ತೊಳೆದದ್ದು ನೆನಪಾಗಿ, ಅಲ್ಲೇ ಅಳೋಕೆ ಶುರು ಮಾಡಿದರು.

"ಅಳೋದು ಆಮೇಲೆ ನಾಯ್ನಾ," ಅಂದಳು ಅಜ್ಜಿ. "ಮೊದಲು ಕಂಕುಳು ತೊಳ್ಕೊ."

ಸಾಕ್ಷಿ

ಅವತ್ತು ಅಂಕಲ್ಲು ಹಗಲೆಲ್ಲ ಕುಕ್ಕರಗಾಲಲ್ಲಿ ಕೂತು ಹುಳ ಆರಿಸಿದರು. ಮೊದಲ ಹುಳ ಮುಟ್ಟುವಾಗ ನಡುಗಿದ ಮನುಷ್ಯ, ಸಂಜೆಗೆ ಒಂದೊಂದನ್ನೂ ಕೂಸಿನ ಹಾಗೆ ಎತ್ತುತ್ತಿದ್ದರು. ಬೆಳೆ ಉಳೀತು. ನಿಜ ಹೇಳ್ತೀನಿ, ಅವತ್ತು ನನಗೆ ಅವರ ಮೇಲೆ ಪ್ರೀತಿ ಬಂತು.

ಹೊರಡೋ ಮುಂಚೆ ಅಜ್ಜಿ ಅಂಗಳದಲ್ಲೇ ಸಭೆ ಸೇರಿತು. ಪಾಸ್ಟ್ರು ಬಂದರು, ನನ್ನ ಹೆಂಡತಿಯೂ ಬಂದಳು. ಅಂಕಲ್ಲು ಎದ್ದು ನಿಂತು, ಸೊಟ್ಟ ಗೋಡೆಯನ್ನ ಕರ್ತನು ಬೆಳಗಾಗೋದರೊಳಗೆ ನೆಟ್ಟಗೆ ಮಾಡಿದ ಸಂಗತಿಯನ್ನ ಹೇಳಿದರು. ಪಾಸ್ಟ್ರು ಕಣ್ಣೊರೆಸಿಕೊಂಡರು.

ಅಜ್ಜಿ ಮುನೇಶ್ವರನ ಒಕ್ಕಲು. ಆದರೂ ತನ್ನ ಅಂಗಳದಲ್ಲಿ ತಾನೂ ಒಂದು ಮಾತು ಹೇಳಬೇಡವಾ ಅಂತ ಎದ್ದಳು.

"ನಿಜ ನಾಯ್ನಾ, ನಿಮ್ಮ ದೇವರನ್ನ ನಾನೂ ನೋಡ್ದೆ. ಬೆಳಗ್ಗೆ ಐದಕ್ಕೆ ಬಂದಿದ್ದ. ಲುಂಗಿ ಎತ್ತಿ ಕಟ್ಟಿದ್ದ. ನಿಮ್ಮನ್ನೆಲ್ಲ ಬಾಯಿಗೆ ಬಂದಂಗೆ ಬಯ್ಕೊಂತಾ ಗೋಡೆ ಕಟ್ತಿದ್ದ. ಕಾಫಿ ಕೊಟ್ಟೆ, ಸಕ್ಕರೆ ಸಾಲ್ದು ಅಂದ. ಬೀಡಿ ಬೇರೆ ಹಚ್ಚಿದ, ಹುಳಕ್ಕೆ ಹೊಗೆ ಆಗಲ್ಲ ಅಂತ ನಾನೇ ಬೇಲಿಯಾಚೆ ಓಡಿಸಿದೆ."

ಅಂಕಲ್ಲು ಹೊಟ್ಟೆ ಹಿಡ್ಕೊಂಡು ನಕ್ಕರು. ಪಾಸ್ಟ್ರು ನನ್ನ ಕಡೆ ತಿರುಗಿದರು, ನನ್ನ ಹೆಂಡತಿ ಅವರಿಗಿಂತ ಮುಂಚೆಯೇ ತಿರುಗಿದ್ದಳು. ಆ ಗೋಡೆ ಇವತ್ತಿಗೂ ನೆಟ್ಟಗೆ ನಿಂತಿದೆ. ಅವತ್ತು ಅಲ್ಲಿ ಬಗ್ಗಿದ್ದು ನಾನೊಬ್ಬನೇ.