ಕಾಂಪೌಂಡಿನಾಚೆಯ ಎಂಟನೇ ಕ್ಲಾಸು

ನಮ್ಮಪ್ಪ ಎಂಟನೇ ಕ್ಲಾಸನ್ನು ಕೋಲಾರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಓದಿದವನು ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ! ಆದರೆ ನನ್ನ ಜೊತೆ ಓದಿದ ಯಾರನ್ನಾದರೂ ಕೇಳಿ ನೋಡಿ. 'ಹೌದು, ಕಾಂಪೌಂಡಿನ ಆಚೆ ಹೊಂಗೆಮರದ ಕೆಳಗೆ ಕೂರುತ್ತಿದ್ದರು' ಎಂದು ಸಾಕ್ಷಿ ಹೇಳುತ್ತಾರೆ. ನಾನು ನೆಗಡಿಯಾಗಿ ಮನೆಯಲ್ಲಿ ಮಲಗಿದ್ದ ದಿನವೂ ಅಪ್ಪ ಹೋಗಿ ಬಂದಿದ್ದ. ಏನೇನು ಪಾಠ ಆಯಿತು ಎಂದು ಮನೆಯವರಲ್ಲಿ ಒಬ್ಬರಿಗಾದರೂ ತಿಳಿದಿರಬೇಡವೇ? ಹಾಜರಿ ಪುಸ್ತಕದಲ್ಲಿ ಅವನ ಹೆಸರೊಂದಿದ್ದಿದ್ದರೆ ಆ ವರ್ಷದ ಬಹುಮಾನ ನಮ್ಮ ಮನೆಗೇ ಬರುತ್ತಿತ್ತು, ನನಗಲ್ಲ ಅಷ್ಟೆ!

ಇದು ಎಪ್ಪತ್ತರ ದಶಕದ ಮಾತು. ನಮ್ಮೂರು ಸುಗಟೂರಿನಿಂದ ಸ್ವಲ್ಪ ಒಳಗೆ. ಏಳನೇ ಕ್ಲಾಸಿನವರೆಗೆ ಊರಲ್ಲೇ ಶಾಲೆಯಿತ್ತು. ಆ ಶಾಲೆಯ ಗೋಡೆಗೂ ನಾವು ರೇಷ್ಮೆ ಹುಳು ಸಾಕುತ್ತಿದ್ದ ಹುಳದ ಮನೆಯ ಗೋಡೆಗೂ ನಡುವೆ ಒಂದು ಕುರಿ ನುಸುಳುವಷ್ಟೇ ಜಾಗ. ಅಪ್ಪ ಈ ಕಡೆ ಹುಳುವಿಗೆ ಸೊಪ್ಪು ಹಾಕುತ್ತಲೇ ಆ ಕಡೆ ನಾನು ಮಗ್ಗಿ ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದ. ನನ್ನ ದನಿ ಸ್ವಲ್ಪ ಹೊತ್ತು ಕೇಳಿಸದಿದ್ದರೆ ಕಿಟಕಿಯಲ್ಲಿ ಅವನ ತಲೆ ಕಾಣಿಸಿಕೊಳ್ಳುತ್ತಿತ್ತು. 'ಯಾಕೆ ಮೇಷ್ಟ್ರೇ, ಪಾಪ ಸುಮ್ನಾಗ್ಬಿಟ್ಟವಳೆ?' ಮೇಷ್ಟರು ಒಳ್ಳೆಯವರು. 'ಬರೀತಾ ಅವಳೆ ಕಣಪ್ಪ, ಬರೆಯೋವಾಗ ಕೂಗಕ್ಕಾಗಲ್ಲ' ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದರು.

ಇಂಥ ಮನುಷ್ಯನ ಮಗಳು ಏಳನೇ ಕ್ಲಾಸು ಪಾಸು ಮಾಡಿಬಿಟ್ಟಳು! ಮುಂದೆ ಓದಬೇಕೆಂದರೆ ಕೋಲಾರಕ್ಕೇ ಹೋಗಬೇಕು. ನಮ್ಮ ಬೀದಿಯಲ್ಲಿ ನನಗಿಂತ ಮುಂಚೆ ಪಾಸಾದ ಹುಡುಗಿಯರೆಲ್ಲ ಆಗಲೇ ಸೊಪ್ಪು ಬಿಡಿಸುತ್ತ ಮನೆಯಲ್ಲಿದ್ದರು. ನನಗೋ ಓದುವ ಹುಚ್ಚು. ಅಪ್ಪ ಬೇಡ ಅನ್ನಲಿಲ್ಲ. ಆದರೆ ಕೋಲಾರದ ಶಾಲೆ ತನ್ನ ಮಗಳಿಗೆ ತಕ್ಕುದಾಗಿದೆಯೇ ಎಂದು ತಾನೇ ಪರೀಕ್ಷೆ ಮಾಡಬೇಕು ಅಂದ. ಪರೀಕ್ಷೆ ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ಬಗೆ, ಹುಳದ ಮನೆಯ ಪರೀಕ್ಷೆ.

ಹೆಡ್‌ಮಿಸ್ ರೂಮಿಗೆ ಕಾಲಿಟ್ಟವನೇ ಮೂಗೆತ್ತಿ ವಾಸನೆ ನೋಡಿದ. ಮೇಜಿನ ಮೇಲೆ ಊದುಬತ್ತಿ ಉರಿಯುತ್ತಿತ್ತು. 'ಹೊಗೆ ಜಾಸ್ತಿ ಆಯ್ತದೆ' ಎಂದು ನನ್ನ ಕಿವಿಯಲ್ಲಿ ಗೊಣಗಿದ. ಆಮೇಲೆ ತರಗತಿಗೆ ಹೋಗಿ ಕಿಟಕಿ ತೆಗೆದು ಗಾಳಿ ನೋಡಿದ, ಬಿಸಿಲು ಎಲ್ಲಿಯವರೆಗೆ ಬೀಳುತ್ತದೆ ಎಂದು ನೋಡಿದ, ಕೊನೆಗೆ ಪಂಚೆ ಎತ್ತಿ ಕಟ್ಟಿ ಬೆಂಚಿನ ಕೆಳಗೆ ಬಗ್ಗಿದ. ಹೆಡ್‌ಮಿಸ್ ಗಾಬರಿಯಾದರು.

'ಏನ್ರೀ ಹುಡುಕ್ತಾ ಇದ್ದೀರಿ?'

'ಬೆಂಚಿನ ಕಾಲಿಗೆ ನೀರಿನ ಬಟ್ಟಲು ಇಟ್ಟಿಲ್ವಲ್ಲಮ್ಮಾವ್ರೇ. ಇರುವೆ ಹತ್ತಲ್ವಾ?'

'ಇರುವೆ ಹತ್ತೋಕೆ ನಿಮ್ಮ ಮಗಳೇನು ರೇಷ್ಮೆ ಹುಳುವೇನ್ರೀ?'

'ಅಲ್ಲ ಅಮ್ಮಾವ್ರೇ, ಆದ್ರೆ ಬೆಲ್ಲ ತಿಂತಾಳೆ. ಹೇಳಕ್ಕಾಗಲ್ಲ!'

ಅಷ್ಟಕ್ಕೇ ಸುಮ್ಮನಾಗಿದ್ದರೆ ಅವನು ನಮ್ಮಪ್ಪನೇ ಅಲ್ಲ. ಹೊರಡುವಾಗ ಬೆಂಚುಗಳನ್ನೊಮ್ಮೆ ನೋಡಿ, 'ಇಷ್ಟು ಒತ್ತೊತ್ತಾಗಿ ಕೂರಿಸಿದ್ರೆ ರೋಗ ಬರ್ತದೆ, ಸ್ವಲ್ಪ ಬಿಡಿಸಿ ಹಾಕಿ' ಎಂದು ಅವರಿಗೇ ಬುದ್ಧಿ ಹೇಳಿ ಬಂದ. ನನಗೆ ಅಡ್ಮಿಷನ್ ಸಿಕ್ಕಿದ್ದು ಆ ಹೆಡ್‌ಮಿಸ್ ಅವರ ದೊಡ್ಡ ಮನಸ್ಸಿನಿಂದಲೇ ಹೊರತು ನನ್ನ ಮಾರ್ಕ್ಸಿನಿಂದಲ್ಲ.

ಶಾಲೆ ಶುರುವಾದ ದಿನ ಸಂಜೆ ನಾನು ಉತ್ಸಾಹದಿಂದ, ಕನ್ನಡಕ್ಕೆ ಒಬ್ಬರು, ಲೆಕ್ಕಕ್ಕೆ ಒಬ್ಬರು, ವಿಜ್ಞಾನಕ್ಕೆ ಇನ್ನೊಬ್ಬರು ಎಂದು ಮಿಸ್‌ಗಳನ್ನೆಲ್ಲ ಬಣ್ಣಿಸಿದೆ. ಅಪ್ಪನ ಮುಖ ಇಳಿದುಹೋಯಿತು.

'ಗಂಟೆಗೊಬ್ಬರು ಬರ್ತಾರಾ? ಒಂದು ತಟ್ಟೆ ಹುಳುಗೆ ಅಷ್ಟು ಜನ ಸೊಪ್ಪು ಹಾಕಿದ್ರೆ ಹುಳ ಉಳೀತದೇನಮ್ಮ? ಯಾರು ಎಷ್ಟು ಹಾಕಿದ್ರು ಅಂತ ಯಾರಿಗೆ ಗೊತ್ತಾಯ್ತದೆ? ಬೇಡ ಬಿಡು, ನಾಳೆಯಿಂದ ಹೋಗ್ಬೇಡ.'

ನಾನು ಅತ್ತೆ. ಅಮ್ಮ ಒಲೆಯ ಮುಂದಿನಿಂದಲೇ, 'ಏನಯ್ಯಾ, ಹೊಲದ ಮೇಲೆ ಗ್ಯಾನ ಇಟ್ಕೊ, ಸಾಕು' ಎಂದು ಗದರಿದಳು. ಬೆಳಿಗ್ಗೆ ನೋಡಿದರೆ ನನಗಿಂತ ಮುಂಚೆ ಅಪ್ಪನೇ ನನ್ನ ಚೀಲ ಹಿಡಿದು ಬಸ್ ನಿಲ್ಲುವ ಜಾಗದಲ್ಲಿದ್ದ! ಅಲ್ಲಿಂದ ಮುಂದೆ ಇದೇ ನಮ್ಮ ಮನೆಯ ಪದ್ಧತಿಯಾಯಿತು. ನನ್ನ ಓದು ಪ್ರತಿ ಸಂಜೆ ನಿಲ್ಲುತ್ತಿತ್ತು, ಪ್ರತಿ ಬೆಳಿಗ್ಗೆ ಮತ್ತೆ ಶುರುವಾಗುತ್ತಿತ್ತು. ಈಗ ನಗು ಬರುತ್ತದೆ. ಆಗ ಬೆಳಿಗ್ಗೆ ಎದ್ದವಳೇ ಚೀಲ ಅಪ್ಪನ ಕೈಯಲ್ಲಿದೆಯೇ ಎಂದು ನೋಡುತ್ತಿದ್ದೆ. ಯಾವುದಾದರೊಂದು ದಿನ ಬೆಳಿಗ್ಗೆಯೂ ಅಪ್ಪ ಸಂಜೆಯ ಮಾತನ್ನೇ ಆಡಿಬಿಟ್ಟರೆ ಗತಿಯೇನು?

ಆಮೇಲೆ ಅಪ್ಪನಿಗೆ ಊಟದ ಚಿಂತೆ ಹತ್ತಿಕೊಂಡಿತು. ಬೆಳಿಗ್ಗೆ ಕಟ್ಟಿದ್ದನ್ನು ಮಧ್ಯಾಹ್ನ ತಿನ್ನುವುದೇ? ತಣ್ಣಗಾದ ಮುದ್ದೆ ಮನುಷ್ಯರು ತಿನ್ನುವ ಪದಾರ್ಥವೇ? ಅಪ್ಪ ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಸ್ನೇಹ ಮಾಡಿದ. ಅವನು ಶ್ರೀನಿವಾಸಪುರದ ಕಡೆಯವನು, ಅರ್ಧ ತೆಲುಗು, ಅರ್ಧ ಕನ್ನಡ. 'ಪರ್ವಾಲೇದು ಅಣ್ಣಾ, ನಾನು ಕೊಟ್ಟು ಬರ್ತೀನಿ' ಅಂದ ಪುಣ್ಯಾತ್ಮ. ಅವತ್ತಿನಿಂದ ಬಿಸಿಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಸ್ಸು ಹತ್ತಿ ಕೋಲಾರಕ್ಕೆ ಪ್ರಯಾಣ ಮಾಡತೊಡಗಿದವು. ಮುದ್ದೆ ಇನ್ನೂ ಬೆಂದಿಲ್ಲವೆಂದರೆ ಬಸ್ಸು ಕಾಯುತ್ತಿತ್ತು. ಡ್ರೈವರು ಹಾರ್ನ್ ಹೊಡೆಯುತ್ತಿದ್ದ, ಒಳಗೆ ಕೂತ ಹೆಂಗಸರು ತಲೆ ಹೊರಗೆ ಹಾಕಿ, 'ಏನಮ್ಮೋ, ಮುದ್ದೆ ತೊಳಸಿದ್ದಾಯ್ತಾ?' ಎಂದು ನಮ್ಮಮ್ಮನನ್ನು ಕೂಗಿ ಕೇಳುತ್ತಿದ್ದರು. ಅಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸುತ್ತಿತ್ತಂತೆ.

ಒಂದು ದಿನ ಬಸ್ಸು ಹಳ್ಳಕ್ಕಿಳಿದು ಕುಲುಕಿದ್ದಕ್ಕೆ ಸಾರಿನ ಡಬ್ಬಿ ಮಗುಚಿಕೊಂಡಿತು. ಬಿದ್ದದ್ದಾದರೂ ಯಾರ ಮೇಲೆ? ಹೆಣ್ಣು ನೋಡಲು ಹೊರಟಿದ್ದ ಹೋಳೂರಿನ ಗಂಡಿನ ಬಿಳೀ ಪಂಚೆಯ ಮೇಲೆ! ಇನ್ನು ಜಗಳ ಬರುತ್ತದೆಂದು ನಾವೆಲ್ಲ ಹೆದರಿಕೊಂಡಿದ್ದೆವು. ವಾರ ಕಳೆದ ಮೇಲೆ ಆ ಗಂಡು ನಗುನಗುತ್ತಾ ಬಂದು ಅಪ್ಪನಿಗೆ ಎಲೆಅಡಿಕೆ ಕೊಟ್ಟು ಮದುವೆಗೆ ಕರೆದ. ಘಮಘಮ ಸಾರಿನ ವಾಸನೆ ಬಡಿದು ಹೆಣ್ಣಿನ ಕಡೆಯವರು, 'ಉಣ್ಣೋದಕ್ಕೆ ತಿನ್ನೋದಕ್ಕೆ ಕೊರತೆಯಿಲ್ಲದ ಮನೆ' ಎಂದು ಒಪ್ಪಿಕೊಂಡರಂತೆ! ಅಪ್ಪನನ್ನು ಹಿಡಿಯುವವರೇ ಇಲ್ಲವಾಯಿತು. 'ನೋಡ್ದಾ, ನನ್ನ ಸಾರು ಎಲ್ಲಿ ಬಿದ್ರೂ ಒಳ್ಳೇದೇ ಆಯ್ತದೆ' ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಸಾರು ಮಾಡಿದವಳು ಅಮ್ಮ ಎನ್ನುವುದನ್ನು ಮಾತ್ರ ಎಲ್ಲೂ ಹೇಳಲಿಲ್ಲ.

ಇಷ್ಟಾದರೂ ಅವನಿಗೆ ತೃಪ್ತಿಯಿಲ್ಲ. ಊಟ ಹೋಯಿತು, ಆದರೆ ಮಗಳು ಉಂಡಳೋ ಇಲ್ಲವೋ ನೋಡಿದವರ್ಯಾರು? ಅಪ್ಪನಿಗೆ ಕೋಲಾರದಲ್ಲಿ ಕೆಲಸಗಳು ಹುಟ್ಟಿಕೊಂಡವು. ಎಲ್ಲಕ್ಕಿಂತ ಹೆಚ್ಚಾಗಿ ಹಗ್ಗ. 'ಹಗ್ಗ ತರ್ಬೇಕು' ಎಂದು ಹೋಗುತ್ತಿದ್ದ, ಸುಳ್ಳಾಗಬಾರದೆಂದು ನಿಜವಾಗಿಯೂ ಹಗ್ಗ ತರುತ್ತಿದ್ದ. ಅಟ್ಟದ ತುಂಬ ಹಗ್ಗವಾದಾಗ ಅಮ್ಮ ಅಂದಳು: 'ಇಷ್ಟು ಹಗ್ಗದಲ್ಲಿ ಕೋಲಾರನೇ ಕಟ್ಟಿ ಇಲ್ಲಿಗೆ ಎಳ್ಕೊಂಡು ಬಾರಯ್ಯಾ. ದಿನಾ ಓಡಾಡೋದಾದ್ರೂ ತಪ್ತದೆ!'

ಹೀಗೆ ಅಪ್ಪ ಹೊಂಗೆಮರದ ಕೆಳಗಿನ ವಿದ್ಯಾರ್ಥಿಯಾದ. ಕಾಂಪೌಂಡಿನ ಗೋಡೆ ಗಿಡ್ಡ, ನಮ್ಮ ತರಗತಿಯ ಕಿಟಕಿ ಅದರ ಪಕ್ಕದಲ್ಲೇ. ನಾನು ಬಲಗಡೆಗೆ ತಿರುಗಿದರೆ ಸಾಕು, ಅವನ ರುಮಾಲು ಕಾಣಿಸುತ್ತಿತ್ತು. ನಾನು ತಿರುಗುವುದನ್ನೇ ಬಿಟ್ಟೆ. ಹುಡುಗಿಯರೆಲ್ಲ ಮುಸಿಮುಸಿ ನಗುತ್ತಿದ್ದರು. ಆದರೂ ಅಪ್ಪ ಇದ್ದಾನಲ್ಲ ಎಂಬ ಒಂದು ಧೈರ್ಯ ನನಗೂ ಇತ್ತೆನ್ನಿ.

ಒಂದು ಮಧ್ಯಾಹ್ನ ಭೂಗೋಳದ ಮಿಸ್ ನಕಾಶೆ ತೂಗುಹಾಕಿ, 'ನಮ್ಮ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳೋ ಊರು ಯಾವುದು?' ಎಂದು ಕೇಳಿದರು. ಊಟ ಆದ ಹೊತ್ತು, ಎಲ್ಲರಿಗೂ ತೂಕಡಿಕೆ. ಒಬ್ಬರೂ ಬಾಯಿ ಬಿಡಲಿಲ್ಲ. ಮಿಸ್ ಮತ್ತೆ ಕೇಳಿದರು. ಆಗ ಕಿಟಕಿಯಾಚೆಯಿಂದ ಗಂಭೀರವಾದ ಗಂಡುದನಿ ಬಂತು: 'ನಮ್ಮೂರಂತೂ ಅಲ್ಲ ಬಿಡಿ!'

ಇಡೀ ತರಗತಿ ಗೊಳ್ಳೆಂದಿತು. ಮಿಸ್ ಕಿಟಕಿಯಲ್ಲಿ ಇಣುಕಿದರು. ಮರುಗಳಿಗೆಯಲ್ಲಿ ಅಪ್ಪ ಹೆಡ್‌ಮಿಸ್ ಮುಂದೆ ಕೈಕಟ್ಟಿ ನಿಂತಿದ್ದ, ಪಕ್ಕದಲ್ಲಿ ನಾನು ಸೆರಗು ಕಚ್ಚಿಕೊಳ್ಳಲು ಸೆರಗಿಲ್ಲದೆ ಜಡೆಯ ತುದಿ ಕಚ್ಚಿಕೊಂಡು ನಿಂತಿದ್ದೆ.

'ನೋಡಿ, ಹೀಗೆ ನಡೆಯಲ್ಲ' ಅಂದರು ಹೆಡ್‌ಮಿಸ್. ಅವರ ದನಿಯಲ್ಲಿ ಈ ಸಲ ನಗು ಇರಲಿಲ್ಲ. 'ಒಂದೋ ಮಗಳನ್ನ ನಿಮ್ಮ ಮನೇಲಿಟ್ಕೊಳ್ಳಿ, ಇಲ್ಲಾ ನಮಗೆ ಬಿಡಿ. ಎರಡರಲ್ಲಿ ಒಂದು.'

ಅಪ್ಪ ಒಮ್ಮೆ ನನ್ನ ಕಡೆ, ಒಮ್ಮೆ ಅವರ ಕಡೆ ನೋಡಿದ. 'ಎರಡೂ ಆಗಲ್ವಾ ಅಮ್ಮಾವ್ರೇ?' ಅಂದ.

ಆವತ್ತು ಅಪ್ಪ ಮನೆಗೆ ಬಂದು ಜಗಲಿಯ ಮೇಲೆ ಕೂತು, 'ಬೇಡ ಕಣಮ್ಮ. ಕಣ್ಣಿಗೆ ಕಾಣ್ದಿರೋ ಕಡೆ ಬಿಟ್ಟು ಇರಕ್ಕೆ ನನ್ ಕೈಲಾಗಲ್ಲ' ಅಂದ. ದಿನದಂತೆ ರೇಗಿ ಆಡಿದ ಮಾತಾಗಿರಲಿಲ್ಲ ಅದು. ನನಗೆ ಅಳುವೂ ಬರಲಿಲ್ಲ, ಅಷ್ಟು ಹೆದರಿಕೆಯಾಯಿತು.

ಅಮ್ಮ ಒಳಗಿನಿಂದ ಬಂದು ಅವನ ಮುಂದೆ ನಿಂತಳು. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಮೇಲೆತ್ತಿ ಮಿಸುಕಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಆಗ ಹುಳದ ಮನೆಯಲ್ಲಿ ಯಾರಾದರೂ ಕೆಮ್ಮಿದರೂ ಅಪ್ಪ ಅವರನ್ನು ಬೀದಿಗಟ್ಟುತ್ತಿದ್ದ.

'ಹುಳ ಜ್ವರಕ್ಕೆ ಕೂತಾಗ ನೀನು ಮುಟ್ತೀಯಾ?' ಎಂದು ಕೇಳಿದಳು ಅಮ್ಮ.

'ಮುಟ್ಟಿದ್ರೆ ಪೊರೆ ಸಿಕ್ಕಾಕ್ಕೊಂಡು ಸತ್ತೋಯ್ತದೆ.'

'ಮತ್ತೆ ಇವಳ್ನ ಯಾಕೆ ದಿನಾ ಮುಟ್ಟಿ ಮುಟ್ಟಿ ನೋಡ್ತೀಯಾ?'

ಅಪ್ಪ ಎದ್ದು ಹುಳದ ಮನೆಗೆ ಹೋದ. ನಮ್ಮ ಮನೆಯಲ್ಲಿ ಅಪ್ಪ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾರನೆಯ ಬೆಳಿಗ್ಗೆ ನನ್ನನ್ನು ಬಸ್ಸು ಹತ್ತಿಸಿ ತಾನು ಕೆಳಗೇ ನಿಂತ. ಮುದ್ದೆಯೂ ಬೆಳಿಗ್ಗೆಯೇ ಡಬ್ಬಿಯಲ್ಲಿ ಬಂತು. ತಣ್ಣಗಿತ್ತು, ತಿಂದೆ, ಸಾಯಲಿಲ್ಲ! ಹಗ್ಗದ ವ್ಯಾಪಾರವೂ ನಿಂತಿತು. ಅದರ ಬದಲು ಸಂಜೆ ಬಸ್ಸು ಬರುವುದಕ್ಕೆ ಎಷ್ಟೋ ಮುಂಚೆಯೇ ಅವನು ರಸ್ತೆಗೆ ಬಂದು ನಿಲ್ಲುತ್ತಿದ್ದನಂತೆ. ದಾರಿಯಲ್ಲಿ ಹೋಗುವವರನ್ನೆಲ್ಲ, 'ಕೋಲಾರದಲ್ಲಿ ಎಲ್ಲಾ ಸರಿಯಾಗೈತಾ?' ಎಂದು ಕೇಳುತ್ತಿದ್ದನಂತೆ, ಕೋಲಾರಕ್ಕೇ ಮೈ ಹುಷಾರಿಲ್ಲವೇನೋ ಎಂಬ ಹಾಗೆ.

ಹೀಗಿರುವಾಗ ಒಂದು ಸಂಜೆ ನಮ್ಮ ಬಸ್ಸು ಆಕ್ಸಲ್ ಕಟ್ಟಾಗಿ ದಾರಿಯಲ್ಲೇ ನಿಂತುಬಿಟ್ಟಿತು, ಕೋಲಾರಕ್ಕೆ ಬರಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು, ನಮ್ಮ ಕಡೆಯ ಇನ್ನಿಬ್ಬರು ಸಣ್ಣ ಹುಡುಗಿಯರು. ಬಿಸಿಲು ಇಳಿಯುತ್ತ ಬಂತು, ಅವರಿಬ್ಬರೂ ಅಳಲು ಶುರುಮಾಡಿದರು. ನನಗೂ ಅಳಬೇಕೆನ್ನಿಸಿತು, ಆದರೆ ಮೂವರೂ ಅತ್ತರೆ ಬಸ್ಸಿನ ವಿಷಯ ಕೇಳುವವರು ಯಾರು? ಅವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಕಂಟ್ರೋಲರ್ ಹತ್ತಿರ ಹೋಗಿ ಕೇಳಿದೆ. ನಮ್ಮ ಕಡೆ ಹೋಗುವ ಇನ್ನೊಂದು ಬಸ್ಸು ಸ್ವಲ್ಪ ಹೊತ್ತಿಗೆ ಬರುತ್ತದೆ ಎಂದರು. ವಾಪಸು ತಿರುಗಿದರೆ ಕಂಬದ ಪಕ್ಕದಲ್ಲಿ ಅಪ್ಪ!

ತರಕಾರಿ ಲಾರಿ ಹತ್ತಿಕೊಂಡು ಬಂದಿದ್ದ. ಅಂಗಿಯ ಗುಂಡಿ ಹಾಕಿರಲಿಲ್ಲ, ತಲೆಯ ಮೇಲೆ ರುಮಾಲಿರಲಿಲ್ಲ, ಕೈಯಲ್ಲಿ ಸೊಪ್ಪಿನ ಹಸಿರು ಕಲೆ ಹಾಗೇ ಇತ್ತು. ಆಗ ಮನೆಯಲ್ಲಿ ಹುಳು ಕೊನೆಯ ಹಂತದಲ್ಲಿತ್ತು. ಗೂಡು ಕಟ್ಟುವ ಮುಂಚಿನ ಆ ದಿನಗಳಲ್ಲಿ ಅದಕ್ಕೆ ಹಗಲು ರಾತ್ರಿ ಹಸಿವು. ನೆಂಟರು ಸತ್ತರೂ ಅಪ್ಪ ಹುಳದ ಮನೆ ಬಿಟ್ಟು ಕದಲುತ್ತಿರಲಿಲ್ಲ. ಅಂಥವನು ಬಂದುಬಿಟ್ಟಿದ್ದ. ಇನ್ನು ಮುಗಿಯಿತು, ನನ್ನ ಓದು ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಅಪ್ಪ ಎಷ್ಟು ಹೊತ್ತಿನಿಂದ ಅಲ್ಲಿ ನಿಂತು ನನ್ನನ್ನು ನೋಡುತ್ತಿದ್ದನೋ ಗೊತ್ತಿಲ್ಲ. ಕರೆಯಲೂ ಇಲ್ಲ, ಬೈಯಲೂ ಇಲ್ಲ. ಅಷ್ಟರಲ್ಲಿ ಬಸ್ಸು ಬಂತು. ನಾನು ಹುಡುಗಿಯರನ್ನು ಹತ್ತಿಸಿ, 'ಅಪ್ಪಾ, ಇದೇ ಬಸ್ಸು, ಹತ್ತಪ್ಪಾ' ಅಂದೆ. ಹತ್ತಿದ. ಕಿಟಕಿಯ ಪಕ್ಕ ಜಾಗ ಹಿಡಿದು ಕೂರಿಸಿದೆ. ಕೂತ. ಬಸ್ಸು ಕೋಲಾರ ದಾಟುವವರೆಗೂ ನಾನು ಅವನ ಮುಖ ನೋಡಲಿಲ್ಲ, ಆ ಮಾತು ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ಕೊನೆಗೂ ಅಪ್ಪ ಬಾಯಿ ಬಿಟ್ಟ. 'ಹುಳ ಹಣ್ಣಾಗ್ತಾ ಅವೆ, ಇನ್ನೇನು ಗೂಡು ಕಟ್ತವೆ. ಕಣ್ಣಿಗೆ ನಿದ್ದೆ ಅನ್ನೋದೇ ಇಲ್ಲ ಕಣಮ್ಮ' ಅಂದ. ಆಮೇಲೆ ಹಿಂದೆಂದೂ ನನ್ನ ಹತ್ತಿರ ಆಡಿರದ ಸಣ್ಣ ದನಿಯಲ್ಲಿ ಕೇಳಿದ: 'ಊರು ಬಂದ್ರೆ ಎಬ್ಬಿಸ್ತೀಯಾ?'

ನನ್ನ ಭುಜದ ಮೇಲೆ ತಲೆಯಿಟ್ಟವನೇ ನಿದ್ದೆ ಹೋದ. ನನ್ನ ಭುಜ ಎಷ್ಟು ಸಣ್ಣದು, ಅವನ ತಲೆ ಎಷ್ಟು ಭಾರ! ನನಗೆ ಆಗ ಅಳು ಬಂತು. ಅಪ್ಪ ಅಲುಗಾಡಿ ಎದ್ದುಬಿಟ್ಟಾನೆಂದು ಕಣ್ಣೊರೆಸಿಕೊಳ್ಳಲೂ ಇಲ್ಲ. ಹೊರಗೆ ಕತ್ತಲಾಗುತ್ತಿತ್ತು. ಹುಡುಗಿಯರಿಬ್ಬರೂ ತಮ್ಮೂರಿನಲ್ಲಿ ಇಳಿದುಕೊಂಡರು. ಒಂದೊಂದು ಊರು ಬಂದಾಗಲೂ ಕಣ್ಣರಳಿಸಿ ನೋಡಿದೆ, ನಮ್ಮದಲ್ಲ ಎಂದು ಖಾತ್ರಿ ಮಾಡಿಕೊಂಡೆ.

'ಅಪ್ಪಾ, ಊರು ಬಂತು' ಅಂದೆ.

ಅಪ್ಪ ಕಣ್ಣು ಬಿಟ್ಟ. ಹೌದೋ ಅಲ್ಲವೋ ಎಂದು ಕಿಟಕಿಯಾಚೆ ನೋಡಲೇ ಇಲ್ಲ. ಎದ್ದು, ನನ್ನ ಹಿಂದೆಯೇ ಇಳಿದ.